37,000 ಅಡಿಯಲ್ಲಿ ಎಂಟು ಸೆಕೆಂಡು: ಎಸ್‌ಕ್ಯೂ 321 ವಿಮಾನದ ಪ್ರಕರಣ

2024ರ ಮೇ 21ರಂದು ಲಂಡನ್‌ನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಸಿಂಗಪುರ್ ಏರ್‌ಲೈನ್ಸ್‌ನ ಎಸ್‌ಕ್ಯೂ 321 ವಿಮಾನ ಟರ್ಬ್ಯುಲೆನ್ಸ್‌ಗೆ, ಅಂದರೆ ಗಾಳಿಯ ಜೋರು ಕುಲುಕಾಟಕ್ಕೆ ಸಿಕ್ಕಿ, ದಾರಿ ಬದಲಿಸಿ ಬ್ಯಾಂಕಾಕ್‌ನಲ್ಲಿ ಇಳಿಯಿತು. ಸಂಜೆಯಷ್ಟರಲ್ಲಿ ಒಂದೇ ಮಾತು ಎಲ್ಲ ಕಡೆ ಹಬ್ಬಿತ್ತು: ವಿಮಾನ ಆಕಾಶದಲ್ಲಿ 6,000 ಅಡಿ ಕುಸಿದಿದೆಯಂತೆ. ವಿಮಾನಗಳ ಜಾಡು ತೋರಿಸುವ ಜಾಲತಾಣದ ಗ್ರಾಫ್ ಕೂಡ ಕೈಯಿಂದ ಕೈಗೆ ಹರಿದಾಡಿತು. 37,000 ಅಡಿಯಲ್ಲಿ ನೆಟ್ಟಗೆ ಬರುತ್ತಿದ್ದ ಗೆರೆ ಸರ‍್ರನೆ 31,000ಕ್ಕೆ ಇಳಿದಿತ್ತು. ವಿಮಾನದಲ್ಲಿ ಒಬ್ಬರು ತೀರಿಕೊಂಡಿದ್ದರು, ಎಷ್ಟೋ ಜನರ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಗ್ರಾಫ್ ನೋಡಿದವರು ಎರಡನ್ನೂ ಜೋಡಿಸಿಕೊಂಡರು. ಜೋಡಿಸಿದ್ದು ತಪ್ಪಾಗಿತ್ತು.

ಆ 6,000 ಅಡಿ ಇಳಿದದ್ದು ಪೈಲಟ್‌ಗಳೇ ಇಳಿಸಿದ್ದರಿಂದ. ಜನರಿಗೆ ಪೆಟ್ಟಾಗಿ 17 ನಿಮಿಷ ಕಳೆದ ಮೇಲೆ, ಬ್ಯಾಂಕಾಕ್ ದಾರಿಯಲ್ಲಿ, ಮಾಮೂಲಿ ವೇಗದಲ್ಲಿ ಇಳಿಸಿದ್ದು. ಜನರನ್ನು ಚಾವಣಿಗೆ ಎಸೆದ ಆ ಕ್ಷಣದಲ್ಲಿ ವಿಮಾನ ಕಳೆದುಕೊಂಡ ಎತ್ತರ ಬರೀ 178 ಅಡಿ. ಮೀಟರ್ ಲೆಕ್ಕದಲ್ಲಿ 54. ಅದಕ್ಕೂ ಮೊದಲು ಅದು ತನಗೆ ಕೊಟ್ಟಿದ್ದ ಎತ್ತರಕ್ಕಿಂತ 362 ಅಡಿ ಮೇಲೆ ಹೋಗಿತ್ತು. ಈ ಎರಡು ಸಣ್ಣ ಅಂಕಿಗಳನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಪ್ರಕರಣ ಅರ್ಥವಾದ ಹಾಗೆ. 6,000 ಅಡಿಯ ಕಥೆ ನಂಬಿದರೆ ಅಪಾಯ ಎಲ್ಲಿತ್ತು ಅನ್ನೋದೇ ಕಣ್ಣಿಗೆ ಬೀಳೋದಿಲ್ಲ. ಹಾಗಾಗಿ ಇದನ್ನು ಪೂರ್ತಿಯಾಗಿ ಬಿಡಿಸಿ ಬರೆಯಬೇಕು ಅನ್ನಿಸಿತು.

ವಿಮಾನ, ದಾರಿ, ಹೊತ್ತು

ವಿಮಾನ ಬೋಯಿಂಗ್ 777-300ಇಆರ್. ಒಳಗೆ 211 ಪ್ರಯಾಣಿಕರು, 18 ಸಿಬ್ಬಂದಿ. ಪ್ರಯಾಣಿಕರಲ್ಲಿ ಜಾಸ್ತಿ ಜನ ಆಸ್ಟ್ರೇಲಿಯಾ, ಬ್ರಿಟನ್, ಸಿಂಗಪುರದವರು. ಮೂವರು ಭಾರತೀಯರೂ ಇದ್ದರು. ಹಿಂದಿನ ರಾತ್ರಿ ಹೀಥ್ರೂ ಬಿಟ್ಟ ವಿಮಾನ ಸುಮಾರು ಹತ್ತು ಗಂಟೆ ಹಾರಿ ಮ್ಯಾನ್ಮಾರ್‌ನ ದಕ್ಷಿಣ ಭಾಗದ ಮೇಲೆ, ಐರಾವತಿ ನದಿಯ ಬಯಲಿನ ಆಕಾಶದಲ್ಲಿತ್ತು. ನಮ್ಮ ಗಡಿಯಾರದಲ್ಲಿ ಆಗ ಮಧ್ಯಾಹ್ನ 1 ಗಂಟೆ 19 ನಿಮಿಷ. ವಿಮಾನದೊಳಗೆ ತಿಂಡಿ ಕೊಡುತ್ತಿದ್ದ ಹೊತ್ತು. ಅಂದರೆ ಸಿಬ್ಬಂದಿ ನಿಂತಿದ್ದರು, ತಳ್ಳುಗಾಡಿಗಳು ಓಣಿಯಲ್ಲಿದ್ದವು, ಕೆಲವರು ಟಾಯ್ಲೆಟ್ಟಿಗೆ ಎದ್ದಿದ್ದರು.

ಮೇ ತಿಂಗಳ ಕೊನೆ, ಬಂಗಾಳ ಕೊಲ್ಲಿಯ ಪೂರ್ವದ ದಡ. ಮುಂಗಾರು ಅಲ್ಲಿ ಕಾಲಿಡುವ ಸಮಯ. ನೆಲ ಕಾದಿರುತ್ತೆ, ಗಾಳಿಯಲ್ಲಿ ತೇವ ತುಂಬಿರುತ್ತೆ, ಮಧ್ಯಾಹ್ನ ಆಯಿತೆಂದರೆ ಮೋಡಗಳು ಮೇಲಕ್ಕೆ ನುಗ್ಗುತ್ತವೆ. ಸಿಂಗಪುರದ ಸಾರಿಗೆ ಸುರಕ್ಷತಾ ತನಿಖಾ ಸಂಸ್ಥೆ ಮೇ 29ರಂದು ಪ್ರಾಥಮಿಕ ಮಾಹಿತಿ ಕೊಟ್ಟಿತು. ವಿಮಾನ ಬಹುಶಃ ಇಂಥ ಬೆಳೆಯುತ್ತಿರುವ ಮೋಡಗಳಿದ್ದ ಜಾಗದ ಮೇಲೆ ಹಾರುತ್ತಿತ್ತು ಎಂದು ಅದರಲ್ಲಿದೆ. ಮುಂದೆ ನಾನು ಹೇಳುವ ಸೆಕೆಂಡುಗಳ ಲೆಕ್ಕವೆಲ್ಲ ಈ ಸಂಸ್ಥೆ ವಿಮಾನದ ರೆಕಾರ್ಡರ್‌ಗಳಿಂದ ತೆಗೆದದ್ದು. ಸಮಯ ಅಂತರರಾಷ್ಟ್ರೀಯ ಸಮಯದ್ದು. ನಮ್ಮ ಸಮಯ ಬೇಕಾದರೆ ಐದೂವರೆ ಗಂಟೆ ಸೇರಿಸಿಕೊಳ್ಳಿ.

ಸೆಕೆಂಡು ಸೆಕೆಂಡಾಗಿ ನಡೆದದ್ದು

7:49:21. ವಿಮಾನ ಸಣ್ಣಗೆ ನಡುಗಲು ಶುರುವಾಯಿತು. ಮುಂದಿನ 19 ಸೆಕೆಂಡು ಒಳಗಿದ್ದವರ ಮೇಲಿನ ಭಾರ 0.44 ಜಿಯಿಂದ 1.57 ಜಿವರೆಗೆ ಏರಿಳಿಯಿತು. ನಾವು ಸುಮ್ನೆ ಕುರ್ಚಿಯಲ್ಲಿ ಕೂತಾಗ ಇರುವುದು 1 ಜಿ. ಅಂದರೆ 60 ಕೆಜಿಯ ಮನುಷ್ಯನಿಗೆ ಒಮ್ಮೆ 26 ಕೆಜಿ ಇದ್ದ ಹಾಗೆ, ಮತ್ತೊಮ್ಮೆ 94 ಕೆಜಿ ಇದ್ದ ಹಾಗೆ ಅನ್ನಿಸಿರಬೇಕು. ಆಗಾಗ ವಿಮಾನ ಹತ್ತುವವರಿಗೆ ಇಂಥ ಕುಲುಕಾಟದ ಅನುಭವ ಇರುತ್ತೆ. ಕಾಫಿ ಚೆಲ್ಲುತ್ತೆ, ಅಕ್ಕಪಕ್ಕದವರು ಮುಖ ನೋಡಿಕೊಳ್ಳುತ್ತಾರೆ.

ಇದೇ ಹೊತ್ತಿನಲ್ಲಿ ವಿಮಾನ ತಾನಾಗಿಯೇ ಮೇಲೇರುತ್ತಿತ್ತು. ಆಟೋಪೈಲಟ್ ಆನ್ ಆಗಿತ್ತು, ಅದಕ್ಕೆ ಕೊಟ್ಟಿದ್ದ ಎತ್ತರ 37,000 ಅಡಿ. ಯಾರೂ ಮೇಲೇರು ಎಂದು ಹೇಳಿರಲಿಲ್ಲ. ಕೆಳಗಿಂದ ನುಗ್ಗುವ ಗಾಳಿ ಆ ದೊಡ್ಡ ವಿಮಾನವನ್ನೇ ಎತ್ತಿ 37,362 ಅಡಿಗೆ ಒಯ್ದಿತು. ಆಟೋಪೈಲಟ್ ತನ್ನ ಕೆಲಸ ಮಾಡಿತು: ಮೂತಿ ತಗ್ಗಿಸಿ 37,000ಕ್ಕೆ ವಾಪಸ್ ಬರಲು ಹೊರಟಿತು. ಅದರ ಜೊತೆ ವೇಗವೂ ಬೇಡವೆಂದರೂ ಹೆಚ್ಚಾಯಿತು. ಪೈಲಟ್‌ಗಳು ಅದನ್ನು ಗಮನಿಸಿ ಸ್ಪೀಡ್ ಬ್ರೇಕ್ ಎತ್ತಿದರು. ರೆಕ್ಕೆಯ ಮೇಲೆ ಎದ್ದು ನಿಂತು ಗಾಳಿಗೆ ಅಡ್ಡವಾಗುವ ಹಲಗೆಗಳವು.

7:49:32. ಸೀಟ್ ಬೆಲ್ಟ್ ಲೈಟ್ ಹಾಕಿದ್ದೇನೆ ಎಂದು ಒಬ್ಬ ಪೈಲಟ್ ಹೇಳಿದ್ದು ರೆಕಾರ್ಡರ್‌ನಲ್ಲಿ ಕೇಳಿಸುತ್ತದೆ.

7:49:40. ಎಂಟು ಸೆಕೆಂಡು ಕಳೆದಿದೆ. ಭಾರ 1.35 ಜಿ ಇದ್ದದ್ದು 0.6 ಸೆಕೆಂಡಿನಲ್ಲಿ ಮೈನಸ್ 1.5 ಜಿಗೆ ಹೋಯಿತು. ಬೆಲ್ಟ್ ಹಾಕದವರು ಗಾಳಿಗೆ ಹಾರಿದರು.

7:49:41. ಮೈನಸ್ 1.5ರಿಂದ ಪ್ಲಸ್ 1.5 ಜಿಗೆ, ನಾಲ್ಕು ಸೆಕೆಂಡಿನೊಳಗೆ. ಹಾರಿದವರು ಕೆಳಗೆ ಬಿದ್ದರು. ಸೀಟಿನ ಮೇಲೆ, ಕೈ ಇಡುವ ಪಟ್ಟಿಯ ಮೇಲೆ, ಓಣಿಯಲ್ಲಿ, ಬೇರೆಯವರ ಮೇಲೆ.

ಈ 4.6 ಸೆಕೆಂಡಿನಲ್ಲಿ ವಿಮಾನ 37,362 ಅಡಿಯಿಂದ 37,184 ಅಡಿಗೆ ಇಳಿದಿತ್ತು. ಕಳೆದುಕೊಂಡ 178 ಅಡಿ ಇದು. ಗಮನಿಸಿ, ಅದು ತನ್ನ 37,000 ಅಡಿಗಿಂತ ಇನ್ನೂ ಮೇಲೇ ಇತ್ತು. ಅದೇ ಸೆಕೆಂಡುಗಳಲ್ಲಿ ಪೈಲಟ್‌ಗಳು ಆಟೋಪೈಲಟ್ ಬಿಡಿಸಿ ವಿಮಾನವನ್ನು ಕೈಗೆ ತೆಗೆದುಕೊಂಡಿದ್ದರು. 21 ಸೆಕೆಂಡು ಕೈಯಲ್ಲೇ ಹಾರಿಸಿ 7:50:05ಕ್ಕೆ ಮತ್ತೆ ಆಟೋಪೈಲಟ್ ಹಾಕಿದರು. 7:50:23ಕ್ಕೆ ವಿಮಾನ 37,000 ಅಡಿಗೆ ಬಂದು ನಿಂತಿತು. ಶುರುವಾದಾಗಿನಿಂದ ಎತ್ತರ ಸರಿಹೋಗುವ ತನಕ ಲೆಕ್ಕ ಹಾಕಿದರೆ ಒಂದು ನಿಮಿಷ ಎರಡು ಸೆಕೆಂಡು.

ಗಾಯಾಳುಗಳಿದ್ದಾರೆ ಎಂದು ಕ್ಯಾಬಿನ್‌ನಿಂದ ತಿಳಿದ ಮೇಲೆ ಪೈಲಟ್‌ಗಳು ಬ್ಯಾಂಕಾಕ್‌ನ ಸುವರ್ಣಭೂಮಿ ನಿಲ್ದಾಣಕ್ಕೆ ಹೋಗಲು ತೀರ್ಮಾನಿಸಿದರು, ವೈದ್ಯಕೀಯ ನೆರವು ಕೇಳಿದರು. 8:06:51ಕ್ಕೆ ಇಳಿಯಲು ಶುರು ಮಾಡಿ 8:10:00ಕ್ಕೆ 31,000 ಅಡಿ ತಲುಪಿದರು. ಮೂರು ನಿಮಿಷಕ್ಕೆ 6,000 ಅಡಿ, ಅಂದರೆ ನಿಮಿಷಕ್ಕೆ 2,000 ಅಡಿಗಿಂತ ಸ್ವಲ್ಪ ಕಡಿಮೆ. ಎಲ್ಲ ವಿಮಾನಗಳೂ ದಿನಾ ಮಾಡುವ ಇಳಿತ ಇದು. ಜಗತ್ತೆಲ್ಲ ಗಾಬರಿಯಿಂದ ನೋಡಿದ ಗ್ರಾಫಿನ ಗೆರೆ ಇದೇ. ನಿಜವಾದ ಅನಾಹುತ ಅದೇ ಗ್ರಾಫಿನಲ್ಲಿ 17 ನಿಮಿಷ ಹಿಂದೆ, ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳಿನ ಹಾಗೆ ಕೂತಿತ್ತು. 8:45:12ಕ್ಕೆ ಚಕ್ರಗಳು ನೆಲ ಮುಟ್ಟಿದವು.

54 ಮೀಟರ್ ಹೇಗೆ ಬೆನ್ನು ಮುರಿಯಿತು

ಎತ್ತರ ಎಷ್ಟು ಇಳಿಯಿತು ಅನ್ನೋದು ಇಲ್ಲಿ ಮುಖ್ಯವಲ್ಲ. ಎಷ್ಟು ಬೇಗ ಇಳಿಯಲು ಶುರುವಾಯಿತು ಅನ್ನೋದು ಮುಖ್ಯ. ಸರ್ಕಾರಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹಂಪ್ ದಾಟಿದವರಿಗೆ ಇದು ಗೊತ್ತು: ಬಸ್ಸು ಇಳಿಯುವುದು ಒಂದು ಅಡಿಯೂ ಇಲ್ಲ, ಆದರೆ ಸೀಟು ನಮಗಿಂತ ಮೊದಲೇ ಕೆಳಗೆ ಹೋಗಿರುತ್ತೆ.

ಮೈನಸ್ 1.5 ಜಿ ಎಂದರೆ ವಿಮಾನ ಕೆಳಕ್ಕೆ ಜಗ್ಗುವ ರಭಸ ಒಂದು ಕಲ್ಲು ಬೀಳುವ ರಭಸಕ್ಕಿಂತ ಎರಡೂವರೆ ಪಟ್ಟು. ಒಳಗೆ ಬೆಲ್ಟ್ ಇಲ್ಲದ ಮನುಷ್ಯ ಕಲ್ಲಿನ ಹಾಗೆಯೇ ಬೀಳುತ್ತಾನೆ, ಅದಕ್ಕಿಂತ ಬೇಗ ಬೀಳಲಾರ. ಹಾಗಾಗಿ ಚಾವಣಿಯೇ ಅವನ ತಲೆಯತ್ತ ಬರುತ್ತದೆ. ವಿಮಾನದ ಒಳಗಿಂದ ನೋಡಿದರೆ 60 ಕೆಜಿಯ ಮನುಷ್ಯನನ್ನು 90 ಕೆಜಿ ಭಾರ ಮೇಲಕ್ಕೆ ಎಳೆದ ಹಾಗೆ. ತಲೆಗೂ ಚಾವಣಿಗೂ ನಡುವಿನ ಜಾಗ ದಾಟಲು ಅರ್ಧ ಸೆಕೆಂಡೂ ಬೇಡ. ಕೈ ಅಡ್ಡ ಹಿಡಿಯಲು, ಪಕ್ಕದ ಮಗುವನ್ನು ಹಿಡಿದುಕೊಳ್ಳಲು ಸಮಯವೇ ಇಲ್ಲ. ತೊಡೆಯ ಮೇಲೆ ಅಡ್ಡವಾಗಿರುವ ಒಂದು ಪಟ್ಟಿ ಮಾತ್ರ ಆ ಹೊತ್ತಿಗೆ ಕೆಲಸ ಮಾಡುತ್ತೆ.

ಚಾವಣಿಗೆ ಬಡಿದವರಿಗೆ ಎರಡು ಪೆಟ್ಟು. ಮೊದಲನೆಯದು ತಲೆಗೆ, ಕುತ್ತಿಗೆಗೆ. ಎರಡನೆಯದು ಬಿದ್ದಾಗ ಬೆನ್ನಿಗೆ, ಅದೂ ಭಾರ ಒಂದೂವರೆ ಪಟ್ಟಾಗಿರುವಾಗ. ಬ್ಯಾಂಕಾಕ್‌ನ ಆಸ್ಪತ್ರೆಯಲ್ಲಿ ಕಂಡದ್ದೂ ಇದನ್ನೇ. ಆಸ್ಪತ್ರೆಯ ಮುಖ್ಯಸ್ಥರು ಎರಡು ದಿನದ ಮೇಲೆ ಕೊಟ್ಟ ಲೆಕ್ಕದಲ್ಲಿ 22 ಜನರಿಗೆ ಬೆನ್ನುಹುರಿ, ಬೆನ್ನುಮೂಳೆಯ ಪೆಟ್ಟು. ಆರು ಜನರಿಗೆ ತಲೆಬುರುಡೆ, ಮೆದುಳಿನ ಪೆಟ್ಟು. ಎರಡು ವರ್ಷದ ಮಗುವಿಂದ 83 ವರ್ಷದ ಹಿರಿಯರ ತನಕ ಆಸ್ಪತ್ರೆ ಸೇರಿದ್ದರು. ತೀರಿಕೊಂಡವರು ಬ್ರಿಟನ್‌ನ 73 ವರ್ಷದ ಹಿರಿಯರು. ಅವರಿಗೆ ಹೃದಯಾಘಾತ ಆಗಿರಬಹುದು ಎಂದು ನಿಲ್ದಾಣದ ಅಧಿಕಾರಿಗಳು ಅಂದು ಹೇಳಿದ್ದರು. ಮೊಮ್ಮಕ್ಕಳನ್ನು ನೋಡಲು, ರಜೆಗೆ, ಮನೆಗೆ ಎಂದು ಹೊರಟ ಜನ ಇಂಥ ವಿಮಾನಗಳಲ್ಲಿ ತುಂಬಿರುತ್ತಾರೆ. ಅವರಲ್ಲಿ ಎಷ್ಟೋ ಮಂದಿ ತಿಂಗಳುಗಟ್ಟಲೆ ಮಲಗುವ ಹಾಗಾದದ್ದು ಆ 0.6 ಸೆಕೆಂಡಿನಿಂದ.

362 ಅಡಿ ಮೇಲೆ ಹೋದರೆ ಏನಾಗುತ್ತೆ

ಪ್ರಯಾಣಿಕರ ಕಣ್ಣು ಕುಸಿತದ ಮೇಲಿದ್ದರೆ ನೆಲದಲ್ಲಿರುವ ಟ್ರಾಫಿಕ್ ಕಂಟ್ರೋಲರ್‌ಗೆ ಇನ್ನೊಂದು ಚಿಂತೆ: ಆ ವಿಮಾನ ತನಗೆ ಕೊಟ್ಟ ಎತ್ತರದಲ್ಲಿ ಇದೆಯಾ? 29,000ದಿಂದ 41,000 ಅಡಿವರೆಗಿನ ಆಕಾಶದಲ್ಲಿ ಈಗ ಒಂದರ ಮೇಲೊಂದು ಹಾರುವ ವಿಮಾನಗಳ ನಡುವೆ 1,000 ಅಡಿ ಅಂತರ. ಮೊದಲು 2,000 ಇತ್ತು. ಎತ್ತರ ಅಳೆಯುವ ಉಪಕರಣಗಳು ನಿಖರವಾದ ಮೇಲೆ ಇದನ್ನು ಅರ್ಧ ಮಾಡಿದರು. ಭಾರತದಲ್ಲಿ 2003ರ ನವೆಂಬರ್‌ನಿಂದ ಇದೇ ಪದ್ಧತಿ. ಪೂರ್ವದ ಕಡೆ ಹೋಗುವವರಿಗೆ 35,000, 37,000, 39,000. ಪಶ್ಚಿಮದ ಕಡೆಗೆ 36,000, 38,000. ಅಂದರೆ ಎಸ್‌ಕ್ಯೂ 321ರ ತಲೆಯ ಮೇಲಿನ ಹಂತ, ಕಾಲ ಕೆಳಗಿನ ಹಂತ ಎರಡೂ ಎದುರಿಂದ ಬರುವವರದ್ದು.

362 ಅಡಿ ಮೇಲೆ ಹೋದಾಗ ಮೇಲಿನ ಹಂತಕ್ಕೆ ಉಳಿದದ್ದು 638 ಅಡಿ. ಡಿಕ್ಕಿ ಆಗುವಷ್ಟು ಹತ್ತಿರ ಅಲ್ಲ. ಆದರೆ 300 ಅಡಿ ಅಥವಾ ಅದಕ್ಕಿಂತ ಜಾಸ್ತಿ ತಪ್ಪಿದರೆ ಅದನ್ನು ದೊಡ್ಡ ಎತ್ತರ ತಪ್ಪುವಿಕೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಗಾಳಿಯ ಹೊಡೆತದಿಂದ ಎತ್ತರ ಹಿಡಿಯಲು ಆಗುತ್ತಿಲ್ಲ ಎಂದರೆ ಪೈಲಟ್ ತಕ್ಷಣ ಕಂಟ್ರೋಲರ್‌ಗೆ ಹೇಳಬೇಕು. ಆಗ ಅವರು ಸುತ್ತಲಿನ ವಿಮಾನಗಳನ್ನು ಇನ್ನಷ್ಟು ದೂರ ಇಡುತ್ತಾರೆ.

ನಮ್ಮ ದೇಶಕ್ಕೆ ಈ 1,000 ಅಡಿಯ ಬೆಲೆ ಚೆನ್ನಾಗಿ ಗೊತ್ತು. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿಯ ಬೋಯಿಂಗ್ 747ಕ್ಕೆ 14,000 ಅಡಿ ಕೊಟ್ಟಿದ್ದರು, ಎದುರಿಂದ ಇಳಿಯುತ್ತಿದ್ದ ಕಜಕಿಸ್ತಾನದ ಇಲ್ಯುಶಿನ್‌ಗೆ 15,000. ಇಲ್ಯುಶಿನ್ 15,000ಕ್ಕೆ ನಿಲ್ಲದೆ ಕೆಳಗೆ ಬಂತು. 349 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ಮೋಡದೊಳಗಿನ ಟರ್ಬ್ಯುಲೆನ್ಸ್‌ನಿಂದ ವಿಮಾನ ಇಳಿಯಿತು ಎಂದು ಕಜಕಿಸ್ತಾನದ ಕಡೆಯವರು ವಾದಿಸಿದರು. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಅವರ ವಿಚಾರಣೆ, ಕೊಟ್ಟ ಎತ್ತರಕ್ಕಿಂತ ಕೆಳಗೆ ಬಂದದ್ದೇ ಕಾರಣ ಎಂದು ಹೇಳಿತು. ಅಂದು ದೆಹಲಿಯ ರೇಡಾರ್‌ಗೆ ವಿಮಾನದ ಎತ್ತರ ಕಾಣುತ್ತಿರಲಿಲ್ಲ. ಎದುರಿನ ವಿಮಾನ ಹತ್ತಿರ ಬಂದರೆ ಕಾಕ್‌ಪಿಟ್‌ನಲ್ಲೇ ಎಚ್ಚರಿಸುವ ಟಿಕಾಸ್ ಉಪಕರಣ ಭಾರತದಲ್ಲಿ ಕಡ್ಡಾಯವಾದದ್ದು ಅದಾದ ಮೇಲೆ.

ಹಾಗಾದರೆ ಗಾಳಿ ಮೇಲೆತ್ತಿದ ತಕ್ಷಣ ಪೈಲಟ್ ಬಲವಾಗಿ ಮೂತಿ ತಗ್ಗಿಸಿ ತನ್ನ ಎತ್ತರಕ್ಕೆ ಬರಬೇಕಲ್ವಾ? ಬೇಡ. ಇದು ರಕ್ತ ಕೊಟ್ಟು ಕಲಿತ ಪಾಠ. 1963ರ ಫೆಬ್ರುವರಿ 12ರಂದು ಅಮೆರಿಕದ ಮಯಾಮಿಯಿಂದ ಹೊರಟ ನಾರ್ತ್‌ವೆಸ್ಟ್ 705, ಒಂದು ಬೋಯಿಂಗ್ 720, ಗುಡುಗು ಮೋಡಗಳ ನಡುವೆ ಸಿಕ್ಕಿತು. ಗಾಳಿ ಜೋರಾಗಿ ಮೇಲೆತ್ತಿತು. ಅದಕ್ಕೆ ಎದುರಾಗಿ ಮೂತಿಯನ್ನು ಬಲವಾಗಿ ತಗ್ಗಿಸಲಾಯಿತು. ವಿಮಾನ ಕಡಿದಾಗಿ ಕೆಳಗೆ ನುಗ್ಗಿ, ಮತ್ತೆ ಎತ್ತಲಾಗದೆ ಗಾಳಿಯಲ್ಲೇ ಒಡೆಯಿತು. 43 ಜನರೂ ಹೋದರು. ಲಂಬವಾಗಿ ಬೀಸುವ ಬಲವಾದ ಗಾಳಿ, ಅದಕ್ಕೆ ಎದುರಾಗಿ ಕೊಟ್ಟ ದೊಡ್ಡ ಕಂಟ್ರೋಲ್, ಎರಡೂ ಸೇರಿ ಹೀಗಾಯಿತು ಎಂದು ತನಿಖೆ ಹೇಳಿತು. ಜೆಟ್ ಪೈಲಟ್‌ಗಳಿಗೆ ಇವತ್ತು ಹೇಳಿಕೊಡುವುದು ಇದನ್ನೇ: ರೆಕ್ಕೆ ಸಮ ಇರಲಿ, ಮೂತಿಯ ಕೋನ ಹಿಡಿದುಕೋ, ಎತ್ತರ ಒಂದಿಷ್ಟು ಆಚೀಚೆ ಆದರೆ ಆಗಲಿ, ಅದರ ಬೆನ್ನು ಹತ್ತಬೇಡ.

ಎಸ್‌ಕ್ಯೂ 321ರಲ್ಲಿ ನನಗೆ ತುಂಬಾ ಯೋಚನೆಗೆ ಹಚ್ಚಿದ ಭಾಗ ಇದೇ. ಗಾಳಿ ಎತ್ತುತ್ತಿತ್ತು, ಆಟೋಪೈಲಟ್ ಇಳಿಸಲು ನೋಡುತ್ತಿತ್ತು. ಅಂಥ ಹೊತ್ತಿನಲ್ಲಿ ಎತ್ತುವ ಗಾಳಿ ತಟಕ್ಕನೆ ಬಿಟ್ಟುಹೋದರೆ ಏನಾಗುತ್ತೆ? ಮೂತಿ ಆಗಲೇ ಕೆಳಗಿದೆ, ಆಸರೆ ಹೋಗಿದೆ. ಇದು ನನ್ನ ಓದು. ಪ್ರಾಥಮಿಕ ವರದಿ ಘಟನೆಗಳ ಕ್ರಮವನ್ನಷ್ಟೇ ಇಟ್ಟಿದೆ, ಯಾರ ಮೇಲೂ, ಯಾವ ಉಪಕರಣದ ಮೇಲೂ ತಪ್ಪು ಹೊರಿಸಿಲ್ಲ. ಎತ್ತರ ಹಿಡಿಯಲೇಬೇಕು ಎಂಬ ನಿಯಮ, ಎತ್ತರದ ಬೆನ್ನು ಹತ್ತಬೇಡ ಎಂಬ ಪಾಠ, ಎರಡೂ ಸರಿ. ಎರಡರ ನಡುವೆ ತೀರ್ಮಾನ ಮಾಡಲು ಆ ಪೈಲಟ್‌ಗಳಿಗೆ ಸಿಕ್ಕಿದ್ದು 19 ಸೆಕೆಂಡು. ಗಾಯಾಳುಗಳಿಂದ ತುಂಬಿದ ವಿಮಾನವನ್ನು ಒಂದು ಗಂಟೆಯೊಳಗೆ ನೆಲಕ್ಕೆ ತಂದ ಅವರ ಮೇಲೆ ನನಗೆ ಗೌರವವಿದೆ.

ರೇಡಾರ್ ಇರಲಿಲ್ವಾ?

ಇತ್ತು. ಇಂಥ ಪ್ರತಿ ಪ್ರಯಾಣಿಕರ ಜೆಟ್ ವಿಮಾನದ ಮೂತಿಯಲ್ಲೂ ಹವಾಮಾನ ರೇಡಾರ್ ಇರುತ್ತೆ. ಆದರೆ ಅದು ಚೆನ್ನಾಗಿ ಕಾಣುವುದು ನೀರಿನ ಹನಿಗಳನ್ನು. 37,000 ಅಡಿಯಲ್ಲಿ ಮೋಡದ ತಲೆ ಹಿಮದ ಹರಳಿನಿಂದ ಆಗಿರುತ್ತೆ. ಒಣ ಹಿಮದ ಹರಳು ರೇಡಾರ್ ಕಿರಣವನ್ನು ಅಷ್ಟಾಗಿ ವಾಪಸ್ ಕಳಿಸುವುದಿಲ್ಲ. ಅದಕ್ಕೇ ಪೈಲಟ್‌ಗಳು ರೇಡಾರನ್ನು ಕೆಳಕ್ಕೆ ತಿರುಗಿಸಿ ಮೋಡದ ಹೊಟ್ಟೆ ನೋಡುತ್ತಾರೆ. ಇನ್ನೂ ಎಳೆಯ ಮೋಡ ಕೆಳಗಿಂದ ವೇಗವಾಗಿ ಬೆಳೆದು ಬರುತ್ತಿದ್ದರೆ, ಒಂದು ನಿಮಿಷದ ಹಿಂದೆ ಸುರಕ್ಷಿತವಾಗಿದ್ದ ದಾರಿ ಈಗ ಹಾಗಿರುವುದಿಲ್ಲ. ಮೋಡದ ತಲೆಯಿಂದ ಮೇಲಕ್ಕೆ, ಕಣ್ಣಿಗೆ ಕಾಣದ ಗಾಳಿಯಲ್ಲೂ ಕುಲುಕಾಟ ಹಬ್ಬಿರುತ್ತೆ.

ಈ ಘಟನೆಯ ಬೆನ್ನಿಗೇ ಎಷ್ಟೋ ಕಡೆ ಇನ್ನೊಂದು ಮಾಹಿತಿ ಬಂತು: ಉತ್ತರ ಅಟ್ಲಾಂಟಿಕ್ ಮೇಲೆ ನಿರ್ಮಲ ಆಕಾಶದ ತೀವ್ರ ಟರ್ಬ್ಯುಲೆನ್ಸ್ 1979ರಿಂದ 2020ರೊಳಗೆ ಶೇ. 55 ಹೆಚ್ಚಿದೆ ಎಂಬ ಬ್ರಿಟನ್‌ನ ರೆಡಿಂಗ್ ವಿಶ್ವವಿದ್ಯಾಲಯದ ಅಧ್ಯಯನ. ಅಧ್ಯಯನ ಒಳ್ಳೆಯದೇ, ಚಿಂತೆ ಮಾಡಬೇಕಾದದ್ದೇ. ಆದರೆ ಅದು ಜೆಟ್ ಸ್ಟ್ರೀಮ್, ಅಂದರೆ ಬಹಳ ಎತ್ತರದಲ್ಲಿ ಜೋರಾಗಿ ಬೀಸುವ ಗಾಳಿಯ ವಿಷಯ. ಐರಾವತಿಯ ಮೇಲೆ ನಡೆದದ್ದು ಬೆಳೆಯುವ ಮೋಡದ ಕೆಲಸ. ಎರಡನ್ನೂ ಬೆರೆಸಿದರೆ ಓದುಗರಿಗೆ ಗೊಂದಲ ಉಳಿಯುತ್ತೆ ಅಷ್ಟೇ.

ಎಂಟು ಸೆಕೆಂಡು

ಲೈಟ್ ಹಾಕಿದ್ದಕ್ಕೂ ಜನ ಹಾರಿದ್ದಕ್ಕೂ ನಡುವೆ ಎಂಟೇ ಸೆಕೆಂಡು. ಸಿನಿಮಾ ನೋಡುತ್ತಾ ಹೆಡ್‌ಫೋನ್ ಹಾಕಿಕೊಂಡವರಿಗೆ ಆ 'ಡಿಂಗ್' ಕೇಳಿಸಬೇಕು. ತಲೆಯೆತ್ತಿ ನೋಡಬೇಕು. ಹೊದಿಕೆಯ ಕೆಳಗೆ ಬೆಲ್ಟ್ ಹುಡುಕಬೇಕು, ಎರಡು ತುದಿ ಸೇರಿಸಬೇಕು, ಬಿಗಿ ಮಾಡಬೇಕು. ಎದುರಿಗೆ ತಿಂಡಿ ತಟ್ಟೆ. ಟಾಯ್ಲೆಟ್‌ನಲ್ಲಿದ್ದವರ ಕಥೆ ಬಿಡಿ, ಅವರಿಗೆ ದಾರಿಯೇ ಇಲ್ಲ. ಪೈಲಟ್ ಸಮಯಕ್ಕೆ ಸರಿಯಾಗಿ ಲೈಟ್ ಹಾಕಿದರೂ ಅದನ್ನು ನೋಡಿ ಹಾಕಿಕೊಳ್ಳುತ್ತೇನೆ ಎಂದವರನ್ನು ಅದು ಕಾಯಲಿಲ್ಲ. ಮೊದಲೇ ಹಾಕಿದ್ದವರನ್ನು ಬೆಲ್ಟ್ ಕಾಯಿತು.

ನಮ್ಮಲ್ಲೂ ಇಂಥದ್ದು ನಡೆದಿದೆ. 2022ರ ಮೇ 1ರಂದು ಮುಂಬೈನಿಂದ ದುರ್ಗಾಪುರಕ್ಕೆ ಇಳಿಯುತ್ತಿದ್ದ ಸ್ಪೈಸ್‌ಜೆಟ್ ವಿಮಾನದಲ್ಲಿ ಭಾರ ಪ್ಲಸ್ 2.64ರಿಂದ ಮೈನಸ್ 1.36 ಜಿವರೆಗೆ ಹೊಯ್ದಾಡಿತು. ಆಟೋಪೈಲಟ್ ಬಿಟ್ಟುಹೋಗಿ ಎರಡು ನಿಮಿಷ ಪೈಲಟ್‌ಗಳೇ ಹಾರಿಸಿದರು. 14 ಪ್ರಯಾಣಿಕರು, ಮೂವರು ಸಿಬ್ಬಂದಿಗೆ ಪೆಟ್ಟಾಯಿತು. ಸೀಟ್ ಬೆಲ್ಟ್ ಲೈಟ್ ಆಗ ಆನ್ ಇತ್ತು ಎಂದು ಪೈಲಟ್ ಹೇಳಿದ್ದಾಗಿ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ತಿಳಿಸಿತು. ಬೆಂಗಳೂರಿಂದ ಸಿಂಗಪುರ, ಕ್ವಾಲಾಲಂಪುರ, ಬ್ಯಾಂಕಾಕ್‌ಗೆ ದಿನಾ ನಮ್ಮವರು ಬಂಗಾಳ ಕೊಲ್ಲಿ ದಾಟುತ್ತಾರೆ. ಲೈಟ್ ಆರಿದ ಮರುಕ್ಷಣ ಸಾಲು ಸಾಲಾಗಿ ಬೆಲ್ಟ್ ಬಿಚ್ಚುವ 'ಟಕ್ ಟಕ್' ಶಬ್ದ ಆ ವಿಮಾನಗಳಲ್ಲಿ ಕೇಳಿದಾಗಲೆಲ್ಲ ನನಗೆ ಕಳವಳವಾಗುತ್ತೆ. ಸಡಿಲವಾಗಿ ಆದರೂ ಸರಿ, ಹೊದಿಕೆಯ ಮೇಲಿಂದ ಆದರೂ ಸರಿ, ಕೂತಿರುವಷ್ಟು ಹೊತ್ತೂ ಅದು ಸೊಂಟದಲ್ಲಿರಲಿ. ಮಲಗಿದ ಅಜ್ಜ ಅಜ್ಜಿಯರಿಗೂ ಹಾಕಿಸಿ.

ಆಮೇಲೆ

ಪೆಟ್ಟಾಗದವರು, ಸಣ್ಣಪುಟ್ಟ ಪೆಟ್ಟಾದವರು, ಒಟ್ಟು 131 ಪ್ರಯಾಣಿಕರು ಮತ್ತು 12 ಸಿಬ್ಬಂದಿ ಮಾರನೆಯ ದಿನ ಬೆಳಗಿನ ಜಾವ ಬೇರೆ ವಿಮಾನದಲ್ಲಿ ಸಿಂಗಪುರ ತಲುಪಿದರು. ಜೂನ್‌ನಲ್ಲಿ ಸಿಂಗಪುರ್ ಏರ್‌ಲೈನ್ಸ್ ಸಣ್ಣ ಪೆಟ್ಟಾದವರಿಗೆ 10,000 ಅಮೆರಿಕನ್ ಡಾಲರ್ ಪರಿಹಾರ ಕೊಡುವುದಾಗಿ ಹೇಳಿತು. ದೊಡ್ಡ ಪೆಟ್ಟಾದವರಿಗೆ ತಕ್ಷಣದ ಖರ್ಚಿಗೆ 25,000 ಡಾಲರ್ ಮುಂಗಡ, ಉಳಿದದ್ದು ಮಾತುಕತೆಯ ಮೇಲೆ. ಎಲ್ಲರಿಗೂ ಟಿಕೆಟ್ ಹಣ ವಾಪಸ್.

ನನಗೆ ಹಣಕ್ಕಿಂತ ಮುಖ್ಯ ಅನ್ನಿಸಿದ್ದು ಘಟನೆ ನಡೆದ ವಾರವೇ ಏರ್‌ಲೈನ್ಸ್ ಮಾಡಿದ ಒಂದು ಬದಲಾವಣೆ. ಅಲ್ಲಿಯವರೆಗೆ ಸೀಟ್ ಬೆಲ್ಟ್ ಲೈಟ್ ಹತ್ತಿದರೆ ಬಿಸಿ ಪಾನೀಯ ಕೊಡುವುದನ್ನು ಮಾತ್ರ ನಿಲ್ಲಿಸುತ್ತಿದ್ದರು, ಊಟ ಬಡಿಸುವುದು ಮುಂದುವರಿಯುತ್ತಿತ್ತು. ಈಗ ಊಟವನ್ನೂ ನಿಲ್ಲಿಸಿ ಸಿಬ್ಬಂದಿ ತಾವೂ ಕೂರಬೇಕು, ಬೆಲ್ಟ್ ಹಾಕಬೇಕು. ಪ್ರಯಾಣಿಕರಿಗೆ ಬೆಲ್ಟ್ ಹಾಕಿಕೊಳ್ಳಿ ಎಂದು ಹೇಳುತ್ತಾ ತಾವು ಬೆಲ್ಟ್ ಇಲ್ಲದೆ ನಿಂತಿರುವವರು ಇವರೇ. ತಳ್ಳುಗಾಡಿ ಹಿಡಿದು ಓಣಿಯಲ್ಲಿರುವ ಹುಡುಗಿಗೆ ಆ 0.6 ಸೆಕೆಂಡಿನಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಗಾಡಿಯೇ ಮೇಲೆದ್ದು ಅವಳ ಮೇಲೆ ಬೀಳುತ್ತೆ. ಊಟ ಅರ್ಧಕ್ಕೆ ನಿಂತಿತು ಎಂದು ನಮ್ಮ ವಿಮಾನಗಳಲ್ಲಿ ಸಿಬ್ಬಂದಿಯ ಮೇಲೆ ರೇಗುವವರಿದ್ದಾರೆ. ಅವಳು ಕೂರುವ ತನಕ ಕಾಯುವುದು ನಮ್ಮ ಕೆಲಸವೂ ಹೌದು.